ರಸ್ತೆ ದಾಟುವಲ್ಲಿ ಕಾಯಬೇಕಾದವರು ಯಾರು?

ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ 1868ರ ಡಿಸೆಂಬರ್ ತಿಂಗಳಲ್ಲಿ ಒಂದು ವಿಚಿತ್ರ ಕಂಬ ತಲೆಯೆತ್ತಿತು. ಮೂರಾಳು ಎತ್ತರದ ಆ ಕಂಬದಲ್ಲಿ ರೈಲ್ವೆ ಕೈಮರದಂತೆ ಚಾಚಿಕೊಳ್ಳುವ ತೋಳುಗಳಿದ್ದವು. ಮೇಲ್ತುದಿಯಲ್ಲಿ ಕೆಂಪು ಮತ್ತು ಹಸಿರು ಗಾಜಿನ ಗ್ಯಾಸ್ ದೀಪವಿತ್ತು. ಬುಡದಲ್ಲಿ ಒಬ್ಬ ಪೊಲೀಸ್ ಪೇದೆ ನಿಂತು ಅದನ್ನು ಕೈಯಿಂದ ನಡೆಸುತ್ತಿದ್ದ. ಹಗಲಿನಲ್ಲಿ ತೋಳು ಅಡ್ಡವಾಗಿ ಚಾಚಿದರೆ ಗಾಡಿಗಳು ನಿಲ್ಲಬೇಕು. ತೋಳು ಇಳಿಜಾರಾಗಿ ಬಾಗಿದರೆ ಎಚ್ಚರಿಕೆಯಿಂದ ಸಾಗಬಹುದು. ರಾತ್ರಿಯ ಹೊತ್ತು ಕೆಂಪು ದೀಪ ನಿಲ್ಲು ಎಂದರೆ, ಹಸಿರು ದೀಪ ಜೋಪಾನ ಎನ್ನುತ್ತಿತ್ತು. ಜಾನ್ ಪೀಕ್ ನೈಟ್ ಎಂಬ ರೈಲ್ವೆ ಅಧಿಕಾರಿ ರೂಪಿಸಿದ ಈ ಕಂಬವೇ ಜಗತ್ತಿನ ಮೊದಲ ಸಂಚಾರ ದೀಪವೆಂದು ಹೆಸರಾಗಿದೆ.

ಆಗಿನ್ನೂ ಬೀದಿಯಲ್ಲಿ ಮೋಟಾರು ಕಾರು ಇರಲಿಲ್ಲ. ಕುದುರೆಗಾಡಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ ಕಾಲ್ನಡಿಗೆಯವರನ್ನು ಸುರಕ್ಷಿತವಾಗಿ ಆಚೆ ದಾಟಿಸುವುದೇ ಆ ಕಂಬದ ಉದ್ದೇಶವಾಗಿತ್ತು. ಕೆಂಪು ಬಿದ್ದಾಗ ಗಾಡಿಯವನು ನಿಲ್ಲುತ್ತಿದ್ದ, ನಡೆಯುವವನು ದಾಟುತ್ತಿದ್ದ. ಗಾಡಿ ಹೊಡೆಯುವವರು ನಡೆದು ಹೋಗುವವರ ಸುರಕ್ಷತೆಯನ್ನು ನೋಡಿಕೊಳ್ಳಬೇಕೆಂದು ಪೊಲೀಸರು ಪ್ರಕಟಣೆಯನ್ನೂ ಹೊರಡಿಸಿದ್ದರು. ಕಂಬದ ಆಯುಷ್ಯ ಮಾತ್ರ ಗಟ್ಟಿಯಿರಲಿಲ್ಲ. 1869ರ ಜನವರಿಯಲ್ಲಿ ಗ್ಯಾಸ್ ಸೋರಿ ಸ್ಫೋಟವಾಗಿ ಪೇದೆ ಗಾಯಗೊಂಡ. 1872ರಲ್ಲಿ ಕಂಬವನ್ನೇ ಕಿತ್ತುಹಾಕಿದರು. ಲಂಡನ್ನಿನ ಬೀದಿಗೆ ಸಂಚಾರ ದೀಪ ಮರಳಿ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅಷ್ಟರಲ್ಲಿ ಬೀದಿಯ ನಿಯಮ ತಲೆಕೆಳಗಾಗಿತ್ತು. ನಡೆಯುವವರನ್ನು ದಾಟಿಸಲೆಂದು ಹುಟ್ಟಿದ ದೀಪ ಮತ್ತೆ ಬಂದಾಗ, ಮೋಟಾರುಗಳ ಸರದಿಯನ್ನು ನೋಡಿಕೊಳ್ಳುವುದು ಅದರ ಮುಖ್ಯ ಕೆಲಸವಾಗಿತ್ತು. ಹಾಗಾದರೆ ರಸ್ತೆ ಕೂಡುವ ಕಡೆ ಯಾರು ಯಾರಿಗಾಗಿ ಕಾಯಬೇಕು? ಪಟ್ಟೆ, ಗೋಳ, ಗುಂಡಿ, ಸೇತುವೆ, ಸುರಂಗ ಎಂದು ಕಳೆದ ಒಂದೂವರೆ ಶತಮಾನದಲ್ಲಿ ಬಂದ ಸಾಧನಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಉತ್ತರ ಬದಲಾದಂತೆಲ್ಲ ಬದುಕಿದವರ ಮತ್ತು ಸತ್ತವರ ಸಂಖ್ಯೆಯೂ ಬದಲಾಗಿದೆ.

ಎಲ್ಲರದ್ದೂ ಆಗಿದ್ದ ಬೀದಿ

ಮೋಟಾರು ಬರುವ ಮುನ್ನ ನಗರದ ಬೀದಿ ಎಲ್ಲರದ್ದೂ ಆಗಿತ್ತು. ಗಾಡಿ ಹೋಗುತ್ತಿದ್ದಲ್ಲೇ ಮಾರುವವರು ಕೂಗುತ್ತಿದ್ದರು, ಮಕ್ಕಳು ಆಡುತ್ತಿದ್ದರು, ದೊಡ್ಡವರು ನಿಂತು ಹರಟುತ್ತಿದ್ದರು. ಅಪಾಯವೇ ಇರಲಿಲ್ಲ ಎಂದಲ್ಲ. ಬೆದರಿದ ಕುದುರೆಯ ಕಾಲಿಗೆ ಸಿಕ್ಕವರು, ಗಾಡಿಯ ಚಕ್ರಕ್ಕೆ ಬಿದ್ದವರು ಸಾಕಷ್ಟಿದ್ದರು. ಆದರೆ ಕುದುರೆಗೂ ಕಣ್ಣಿದೆ. ಎದುರಿಗೆ ಆಳು ಕಂಡರೆ ಅದು ತಾನಾಗಿಯೇ ಹಿಂಜರಿಯುತ್ತದೆ. ಗಾಡಿಯ ವೇಗವೂ ಮನುಷ್ಯನ ಓಟಕ್ಕಿಂತ ಬಹಳ ಹೆಚ್ಚಿನದಲ್ಲ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ರಸ್ತೆ ದಾಟುವವರನ್ನು ದಿನವೂ ಕಾಡುತ್ತಿದ್ದ ತೊಂದರೆಯೆಂದರೆ ಕೆಸರು ಮತ್ತು ಕುದುರೆಯ ಲದ್ದಿ. ಅದನ್ನು ಗುಡಿಸಿ ಒಂದು ಕಿರುದಾರಿ ಮಾಡಿಕೊಟ್ಟು, ದಾಟಿದವರು ಕೊಟ್ಟ ಕಾಸಿನಿಂದ ಹೊಟ್ಟೆ ಹೊರೆಯುತ್ತಿದ್ದ ಬಡವರ ವರ್ಗವೇ ಅಲ್ಲಿತ್ತು. ಅವರಲ್ಲಿ ಮಕ್ಕಳೂ ಮುದುಕರೂ ಇದ್ದರು. ಚಾರ್ಲ್ಸ್ ಡಿಕನ್ಸ್ ಬರೆದ ‘ಬ್ಲೀಕ್ ಹೌಸ್’ ಕಾದಂಬರಿಯ ಜೋ ಎಂಬ ಅನಾಥ ಹುಡುಗ ಇಂಥವನೇ. ನಾಲ್ಕು ರಸ್ತೆ ಕೂಡುವ ಕಡೆ ಕಾಲ್ನಡಿಗೆಯವರಿಗೆಂದೇ ಮೀಸಲಾದ ಪಟ್ಟಿಯೊಂದು ಬೇಕು ಎಂಬ ಕಲ್ಪನೆಯ ಮೊದಲ ರೂಪ ಪೊರಕೆ ಹಿಡಿದ ಈ ಬಡವರು ಗುಡಿಸಿದ ದಾರಿಯೇ ಇರಬಹುದು.

ಮೋಟಾರಿನ ಆಗಮನ

ಎಂಜಿನ್ನಿನಿಂದ ಓಡುವ ವಾಹನವನ್ನು ಕಂಡರೆ ಬ್ರಿಟನ್ನಿನ ಕಾನೂನಿಗೆ ಮೊದಮೊದಲು ಅಂಜಿಕೆಯಿತ್ತು. 1865ರ ಕಾಯಿದೆಯ ಪ್ರಕಾರ ಅಂಥ ವಾಹನದ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಊರೊಳಗೆ ವೇಗ ಗಂಟೆಗೆ 2 ಮೈಲಿ ಮೀರುವಂತಿರಲಿಲ್ಲ. ನಡೆಯುವವನ ಹಿಂದೆ ಯಂತ್ರ ತೆವಳಬೇಕು ಎಂಬುದೇ ಇದರ ಅರ್ಥ. 1896ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ವೇಗದ ಮಿತಿಯನ್ನು 14 ಮೈಲಿಗೆ ಏರಿಸಿತು. ಅದಕ್ಕೆ ಮೂರು ತಿಂಗಳು ಮುಂಚೆ, ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಪ್ರದರ್ಶನಕ್ಕೆ ಬಂದಿದ್ದ ಕಾರೊಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆಗೆ ಬಡಿಯಿತು. ಮೋಟಾರು ಕಾರಿಗೆ ಸಿಕ್ಕಿ ಸತ್ತ ಬ್ರಿಟನ್ನಿನ ಮೊದಲ ಪಾದಚಾರಿ ಆಕೆ. ಇಂಥದ್ದು ಇನ್ನೆಂದೂ ನಡೆಯದಿರಲಿ ಎಂದು ಆ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದ.

ಹಾರೈಕೆ ಫಲಿಸಲಿಲ್ಲ. ವೇಗದ ಮಿತಿ 1903ರಲ್ಲಿ 20 ಮೈಲಿಗೆ ಏರಿತು. 1930ರಲ್ಲಿ ಕಾರುಗಳ ಮೇಲಿದ್ದ ಮಿತಿಯನ್ನೇ ತೆಗೆದುಹಾಕಲಾಯಿತು. 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು, 2,31,603 ಜನ ಗಾಯಗೊಂಡರು. ಇವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪಾದಚಾರಿಗಳು.

‘ಜೇ’ ಎಂಬ ಬೈಗುಳ

ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕದಲ್ಲಿ ಇದೇ ಜಗಳ ಇನ್ನಷ್ಟು ಬಹಿರಂಗವಾಗಿ ನಡೆಯಿತು. 1920ರ ದಶಕದ ಆರಂಭದಲ್ಲಿ ಅಲ್ಲಿನ ಜನರ ಸಿಟ್ಟೆಲ್ಲ ಕಾರಿನ ಮೇಲಿತ್ತು. 1923ರಲ್ಲಿ ಸಿನ್ಸಿನಾಟಿ ನಗರದ 42,000 ಮಂದಿ ಒಂದು ಮನವಿಗೆ ಸಹಿ ಹಾಕಿದರು. ನಗರದ ಪ್ರತಿಯೊಂದು ಕಾರಿಗೂ ಗಂಟೆಗೆ 25 ಮೈಲಿ ಮೀರಿ ಓಡದಂತೆ ತಡೆಯುವ ಯಂತ್ರ ಜೋಡಿಸಬೇಕು ಎಂಬುದು ಅವರ ಬೇಡಿಕೆ. ಕಾರು ಮಾರಾಟಗಾರರೂ ಮೋಟಾರು ಸಂಘಗಳೂ ಒಂದಾಗಿ ವಿರೋಧಿಸಿದರು. ವಿಷಯ ಮತಕ್ಕೆ ಬಂದಾಗ ಮನವಿ ಬಿದ್ದುಹೋಯಿತು.

ಅಲ್ಲಿಂದ ಮೋಟಾರು ಪರ ಸಂಘಗಳ ವಾದದ ಧಾಟಿ ಬದಲಾಯಿತು. ಅಪಘಾತಕ್ಕೆ ವೇಗ ಕಾರಣವಲ್ಲ, ಎಲ್ಲೆಂದರಲ್ಲಿ ನುಗ್ಗುವ ಪಾದಚಾರಿ ಕಾರಣ ಎಂಬ ಪ್ರಚಾರ ಬಲವಾಯಿತು. ‘ಜೇ’ ಎಂದರೆ ಅಂದಿನ ಆಡುಮಾತಿನಲ್ಲಿ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿ ಗಮಾರ. ಅಡ್ಡಾದಿಡ್ಡಿ ರಸ್ತೆ ದಾಟುವವನಿಗೆ ‘ಜೇವಾಕರ್’ ಎಂಬ ಹೆಸರು ಅಂಟಿತು. ಸ್ಕೌಟ್ ಬಾಲಕರು ಬೀದಿಯಲ್ಲಿ ನಿಂತು ಇಂಥವರಿಗೆ ಬುದ್ಧಿವಾದದ ಚೀಟಿ ಹಂಚಿದರು. 1925ರಲ್ಲಿ ಲಾಸ್ ಏಂಜಲೀಸ್ ನಗರ ಪಾದಚಾರಿಗಳ ಓಡಾಟವನ್ನು ಬಿಗಿಗೊಳಿಸುವ ನಿಯಮ ತಂದಿತು. ಇತರ ನಗರಗಳು ಅದನ್ನೇ ಅನುಸರಿಸಿದವು. ಶತಮಾನಗಳ ಕಾಲ ಯಾರ ಅಪ್ಪಣೆಯನ್ನೂ ಕೇಳದೆ ದಾಟುತ್ತಿದ್ದ ಮನುಷ್ಯ ಹತ್ತೇ ವರ್ಷಗಳಲ್ಲಿ ತಪ್ಪಿತಸ್ಥನಾದ.

ಕಿತ್ತಳೆ ಗೋಳ, ಬಿಳಿ ಪಟ್ಟೆ

ಬ್ರಿಟನ್ ಬೇರೆ ದಾರಿ ಹಿಡಿಯಿತು. 1934ರಲ್ಲಿ ಲೆಸ್ಲಿ ಹೋರ್-ಬೆಲಿಷಾ ಎಂಬವರು ಸಾರಿಗೆ ಸಚಿವರಾದರು. ದಾಟುವ ಜಾಗಗಳನ್ನು ಅಷ್ಟರಲ್ಲಾಗಲೇ ಲಂಡನ್ನಿನಲ್ಲಿ ಗುರುತಿಸಲಾಗಿತ್ತು. ಸಚಿವರು ಕ್ಯಾಮ್ಡನ್ ಬೀದಿಯಲ್ಲಿ ಅಂಥದೊಂದು ಜಾಗದಲ್ಲೇ ರಸ್ತೆ ದಾಟುತ್ತಿದ್ದಾಗ ವೇಗವಾಗಿ ಬಂದ ಕಾರೊಂದು ಕೂದಲೆಳೆಯಲ್ಲಿ ತಪ್ಪಿ ಮುಂದೆ ಓಡಿತು. ಸಚಿವರಿಗೇ ಈ ಗತಿಯಾದರೆ ಸಾಮಾನ್ಯರ ಪಾಡೇನು? ದಾಟುವ ಜಾಗ ದೂರದಿಂದಲೇ ಚಾಲಕನ ಕಣ್ಣಿಗೆ ಬೀಳಬೇಕೆಂದು ಕಪ್ಪು-ಬಿಳಿ ಬಳಿದ ಕಂಬದ ಮೇಲೆ ಕಿತ್ತಳೆ ಬಣ್ಣದ ಗಾಜಿನ ಗೋಳಗಳನ್ನು ಕೂರಿಸಲಾಯಿತು. ಜನ ಅವುಗಳಿಗೆ ಸಚಿವರ ಹೆಸರನ್ನೇ ಇಟ್ಟು ‘ಬೆಲಿಷಾ ದೀಪ’ ಎಂದರು. ಪತ್ರಿಕೆಗಳು ಗೇಲಿ ಮಾಡಿದವು, ಪುಂಡ ಹುಡುಗರು ಕಲ್ಲೆಸೆದು ಗೋಳ ಒಡೆದರು. ಸಚಿವರು ಹಿಂಜರಿಯಲಿಲ್ಲ. 1935ರಲ್ಲಿ ಊರೊಳಗೆ 30 ಮೈಲಿಯ ಮಿತಿ ಮತ್ತೆ ಬಂತು. ಅದೇ ವರ್ಷ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು.

ಗೋಳವೇನೋ ಕಾಣುತ್ತಿತ್ತು, ನೆಲದ ಮೇಲಿನ ಗುರುತು ಮಾತ್ರ ಕಾಣುತ್ತಿರಲಿಲ್ಲ. ಆಗ ದಾಟುವ ಜಾಗವನ್ನು ರಸ್ತೆಗೆ ಬಡಿದ ಲೋಹದ ಗುಬುಟುಗಳ ಎರಡು ಸಾಲಿನಿಂದ ಗುರುತಿಸುತ್ತಿದ್ದರು. ಮಳೆ, ಮಂಜು, ಸಂಜೆಗತ್ತಲಲ್ಲಿ ಚಾಲಕನಿಗೆ ಅದು ತಿಳಿಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಸುಮಾರು ಸಾವಿರ ಕಡೆ ಬಣ್ಣದ ಪಟ್ಟೆಗಳ ಪ್ರಯೋಗ ನಡೆಯಿತು. ನೀಲಿ-ಹಳದಿ, ಕೆಂಪು-ಬಿಳಿ, ಕಪ್ಪು-ಬಿಳಿ ಎಲ್ಲವನ್ನೂ ಬಳಿದು ನೋಡಿದ ಮೇಲೆ ಕಪ್ಪು-ಬಿಳಿ ಗೆದ್ದಿತು. 1951ರಲ್ಲಿ ಪಟ್ಟೆಯ ಜೊತೆಗೆ ಕಾನೂನೂ ಬಂತು. ಪಟ್ಟೆಯ ಮೇಲೆ ಕಾಲಿಟ್ಟವನಿಗೆ ಮೊದಲ ಹಕ್ಕು, ಚಾಲಕ ನಿಲ್ಲಲೇಬೇಕು. ಇಂದು ಜಗತ್ತೆಲ್ಲ ಬಲ್ಲ ‘ಜೀಬ್ರಾ ಕ್ರಾಸಿಂಗ್’ ಹುಟ್ಟಿದ್ದು ಹೀಗೆ. 1969ರಲ್ಲಿ ಬೀಟಲ್ಸ್ ಗಾಯಕರು ತಮ್ಮ ಧ್ವನಿಮುದ್ರಿಕೆಯ ಹೊದಿಕೆಗಾಗಿ ನಡೆದು ದಾಟಿದ ಲಂಡನ್ನಿನ ಆಬಿ ರೋಡಿನ ಜೀಬ್ರಾ ಪಟ್ಟೆಗೆ 2010ರಲ್ಲಿ ಸಂರಕ್ಷಿತ ಸ್ಮಾರಕದ ಸ್ಥಾನವೂ ಸಿಕ್ಕಿತು.

ಬಿಳಿ ಬಣ್ಣಕ್ಕೆ ತನ್ನದೇ ಆದ ಶಕ್ತಿಯೇನೂ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಟ್ಟೆಯ ಹಿಂದೆ ಕಾನೂನು, ಕಾನೂನಿನ ಹಿಂದೆ ದಂಡ, ದಂಡದ ಹಿಂದೆ ಚಾಲಕ ಪರೀಕ್ಷೆ ಇದ್ದುದರಿಂದಲೇ ಅದು ಕೆಲಸ ಮಾಡಿತು.

ಬೀದಿಯ ಮೃಗಾಲಯ

ಜೀಬ್ರಾದ ಹಿಂದೆ ಒಂದು ಮೃಗಾಲಯವೇ ಬಂತು. 1962ರಲ್ಲಿ ವಾಟರ್ಲೂ ರೈಲು ನಿಲ್ದಾಣದ ಎದುರು ‘ಪಾಂಡಾ’ ಬಂತು. ತ್ರಿಕೋನದ ಪಟ್ಟೆ, ಮಿನುಗುವ ದೀಪ, ಒತ್ತುವ ಗುಂಡಿ ಎಲ್ಲವೂ ಅದಕ್ಕಿತ್ತು. ಆದರೆ ದೀಪದ ಯಾವ ಮಿನುಗಿಗೆ ಏನರ್ಥ ಎಂಬುದು ಚಾಲಕರಿಗೂ ನಡೆಯುವವರಿಗೂ ತಿಳಿಯದೆ ಐದೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಗೊಂದಲಕ್ಕೆ ಎಡೆಗೊಡುವ ಸಂಕೇತಕ್ಕಿಂತ ಸಂಕೇತವಿಲ್ಲದಿರುವುದೇ ಮೇಲು ಎಂಬ ಪಾಠ ಅದರಿಂದ ಸಿಕ್ಕಿತು. 1969ರಲ್ಲಿ ಬಂದ ‘ಪೆಲಿಕನ್’ ಉಳಿದುಕೊಂಡಿತು. ಗುಂಡಿ ಒತ್ತಿ ಕಾಯಬೇಕು, ಹಸಿರು ಮನುಷ್ಯನ ಚಿತ್ರ ಮೂಡಿದಾಗ ದಾಟಬೇಕು. ಜೀಬ್ರಾಕ್ಕೂ ಪೆಲಿಕನ್‌ಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಜೀಬ್ರಾದಲ್ಲಿ ಕಾಯುವವನು ಚಾಲಕ. ಪೆಲಿಕನ್‌ನಲ್ಲಿ ಮೊದಲು ಕಾಯುವವನು ಪಾದಚಾರಿ.

ಕುರುಡರ ಪಾಲಿಗೆ ಪಟ್ಟೆಯೂ ಇಲ್ಲ, ದೀಪವೂ ಇಲ್ಲ. ಅವರಿಗಾಗಿ ಜಪಾನಿನ ಸೆಯಿಚಿ ಮಿಯಾಕೆ ಉಬ್ಬು ಚುಕ್ಕಿಗಳ ನೆಲಹಾಸನ್ನು ರೂಪಿಸಿದರು. ಪಾದಕ್ಕೂ ಊರುಗೋಲಿಗೂ ಅದರ ಉಬ್ಬು ತಿಳಿಯುತ್ತದೆ. 1967ರಲ್ಲಿ ಒಕಾಯಾಮಾ ನಗರದಲ್ಲಿ ಅದನ್ನು ಮೊದಲು ಹಾಸಲಾಯಿತು. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಕಾಣುವ ಹಳದಿ ಉಬ್ಬುಪಟ್ಟಿಯ ಮೂಲ ಅದೇ.

ನಾಲ್ಕು ರಸ್ತೆಯ ಲೆಕ್ಕ

ನೇರ ರಸ್ತೆಗಿಂತ ನಾಲ್ಕು ರಸ್ತೆ ಕೂಡುವ ಜಾಗ ಏಕೆ ಹೆಚ್ಚು ಅಪಾಯಕಾರಿ? ನೇರ ರಸ್ತೆಯಲ್ಲಿ ವಾಹನ ಎರಡೇ ದಿಕ್ಕಿನಿಂದ ಬರುತ್ತದೆ. ಕೂಡುರಸ್ತೆಯಲ್ಲಿ ಪ್ರತಿ ದಿಕ್ಕಿನಿಂದ ಬರುವ ವಾಹನ ನೇರವಾಗಿಯೂ ಹೋಗಬಹುದು, ಎಡಕ್ಕೂ ಬಲಕ್ಕೂ ತಿರುಗಬಹುದು. ವಾಹನ-ವಾಹನದ ದಾರಿಗಳು ಸಂಧಿಸುವ 32 ಬಿಂದುಗಳು, ವಾಹನ-ಪಾದಚಾರಿಯ ದಾರಿಗಳು ಸಂಧಿಸುವ 24 ಬಿಂದುಗಳು ಇಂಥ ಚೌಕದಲ್ಲಿವೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ನಡೆಯುವವನಿಗೆ ಕೇಡು ತರುವವರು ಬಹುಪಾಲು ತಿರುಗುವ ವಾಹನದವರು. ಚಾಲಕನ ಕಣ್ಣು ಬರುವ ವಾಹನಗಳ ಮೇಲಿರುತ್ತದೆ, ಪಾದಚಾರಿಯ ಕಣ್ಣು ಹಸಿರು ದೀಪದ ಮೇಲಿರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ.

ವೇಗದ ಲೆಕ್ಕ ಇನ್ನೂ ಕಠೋರ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಪ್ರಕಾರ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ವೇಗದ ಕಾರು ನಿಲ್ಲಲು 12 ಮೀಟರ್ ಬೇಕು. 48 ಕಿ.ಮೀ. ವೇಗಕ್ಕೆ 23 ಮೀಟರ್, 64 ಕಿ.ಮೀ. ವೇಗಕ್ಕೆ 36 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟಾಗುತ್ತದೆ.

ಇನ್ನು ನಡಿಗೆಯ ಲೆಕ್ಕ. ದೀಪದ ಅವಧಿ ನಿಗದಿ ಮಾಡುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ 14 ಮೀಟರ್ ಅಗಲದ ರಸ್ತೆ ದಾಟಲು 12 ಸೆಕೆಂಡು ಸಾಕು. ಮೊಣಕಾಲು ನೋವಿನ ಅಜ್ಜಿಯೊಬ್ಬರು ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ ಹದಿನೇಳೂವರೆ ಸೆಕೆಂಡು ಬೇಕು. ಹನ್ನೆರಡಕ್ಕೆ ದೀಪ ಬದಲಾದಾಗ ಅವರು ಇನ್ನೂ ನಾಲ್ಕು ಮೀಟರ್ ಹಿಂದಿರುತ್ತಾರೆ. ತಪ್ಪು ಅಜ್ಜಿಯದೇ, ಲೆಕ್ಕದ್ದೇ?

ತಿರುಗುವ ವಾಹನದ ಕಾಟಕ್ಕೆ ಸರಳವಾದ ಮದ್ದೊಂದನ್ನು ಅಮೆರಿಕದ ಡೆನ್ವರ್ ನಗರದ ಸಂಚಾರ ಎಂಜಿನಿಯರ್ ಹೆನ್ರಿ ಬಾರ್ನ್ಸ್ 1951ರಲ್ಲಿ ಪ್ರಸಿದ್ಧಿಗೆ ತಂದರು. ನಾಲ್ಕೂ ದಿಕ್ಕಿನ ವಾಹನಗಳನ್ನು ಒಟ್ಟಿಗೇ ನಿಲ್ಲಿಸಿ, ನಡೆಯುವವರು ಬೇಕಾದ ಕಡೆಗೆ, ಮೂಲೆಯಿಂದ ಮೂಲೆಗೂ ದಾಟಲು ಬಿಡುವ ಕ್ರಮ ಅದು. ಖುಷಿಯಿಂದ ಜನ ನಡುಬೀದಿಯಲ್ಲೇ ಕುಣಿಯುತ್ತಿದ್ದಾರೆ ಎಂದು ಪತ್ರಕರ್ತರೊಬ್ಬರು ಬರೆದರಂತೆ. ಅಂದಿನಿಂದ ಅದಕ್ಕೆ ‘ಬಾರ್ನ್ಸ್ ಕುಣಿತ’ ಎಂಬ ಹೆಸರು ನಿಂತಿತು. ಟೋಕಿಯೋದ ಶಿಬುಯಾ ಚೌಕದಲ್ಲಿ 1973ರಿಂದ ಇದೇ ಕ್ರಮವಿದೆ. ದಟ್ಟಣೆಯ ಹೊತ್ತಿನಲ್ಲಿ ಒಂದೇ ಹಸಿರಿಗೆ ಸಾವಿರಾರು ಜನ ಅಲ್ಲಿ ನಿರಾತಂಕವಾಗಿ ದಾಟುತ್ತಾರೆ.

ನಮ್ಮ ಸರ್ಕಲ್‌ಗಳಲ್ಲಿ

ಎಡಬದಿಯ ಸಂಚಾರ ನಮಗೆ ಬ್ರಿಟಿಷರಿಂದ ಬಂತು, ಜೀಬ್ರಾ ಪಟ್ಟೆಯೂ ಅಲ್ಲಿಂದಲೇ ಬಂತು. ಪಟ್ಟೆಯ ಹಿಂದಿನ ಕಟ್ಟಳೆ ಮಾತ್ರ ಬರಲಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ದೀಪವಿಲ್ಲದ ಜೀಬ್ರಾ ಪಟ್ಟೆಯ ಬಳಿ ಚಾಲಕ ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕು. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಈ ನಿಯಮವನ್ನು ನಂಬಿ ಪಟ್ಟೆಯ ಮೇಲೆ ಕಾಲಿಡುವ ಧೈರ್ಯ ಯಾರಿಗಿದೆ? ಎಡಕ್ಕೆ ತಿರುಗುವವರಿಗೆ ಸಿಗ್ನಲ್ ಇಲ್ಲದ ‘ಫ್ರೀ ಲೆಫ್ಟ್’ ಇರುವಲ್ಲಿ ದಾಟುವವನಿಗೆ ಹಸಿರು ಬಿದ್ದಾಗಲೂ ವಾಹನದ ಸಾಲು ಮುಗಿಯುವುದಿಲ್ಲ.

ಬದಲಿಗೆ ನಮ್ಮ ಜನ ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ನಾಲ್ಕೈದು ಮಂದಿ ಸೇರುವ ತನಕ ಕಾದು ಗುಂಪಾಗಿ ದಾಟುವುದು, ಅಂಗೈ ಅಡ್ಡ ಹಿಡಿದು ‘ಸ್ವಲ್ಪ ನಿಲ್ಲಪ್ಪಾ’ ಎಂಬಂತೆ ಸನ್ನೆ ಮಾಡುವುದು, ಚಾಲಕನ ಕಣ್ಣಲ್ಲಿ ಕಣ್ಣಿಟ್ಟು ಅವನು ತನ್ನನ್ನು ನೋಡಿದ್ದಾನೆಂದು ಖಾತ್ರಿ ಮಾಡಿಕೊಳ್ಳುವುದು, ನಡುವಿನ ವಿಭಜಕದ ಬಳಿ ನಿಂತು ಎರಡನೆಯ ಅರ್ಧವನ್ನು ಬೇರೆಯೇ ರಸ್ತೆ ಎಂಬಂತೆ ನೋಡುವುದು. ಇವೆಲ್ಲ ಅನುಭವ ಕಲಿಸಿದ ಜಾಣತನ. ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಹತ್ತಿರದ ಬಸ್ಸು ನಿಂತಿತೆಂದು ಧೈರ್ಯವಾಗಿ ಮುಂದಡಿಯಿಟ್ಟರೆ, ಅದರ ಮರೆಯಿಂದ ನುಗ್ಗುವ ಬೈಕು ಕಾಣುವುದಿಲ್ಲ. ನಿಂತ ವಾಹನದ ಅಂಚಿಗೆ ಬಂದಾಗ ಮತ್ತೊಮ್ಮೆ ನಿಂತು ಇಣುಕಿ ನೋಡಬೇಕು.

ಜಾಣತನಕ್ಕೂ ಮಿತಿಯಿದೆ. ಮಗುವಿಗೆ ಅದಿನ್ನೂ ಬಂದಿರುವುದಿಲ್ಲ, ವಯಸ್ಸಾದವರ ಕಾಲಿಗೆ ಅದು ನಿಲುಕುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ದಿನಕ್ಕೆ ಸುಮಾರು 90 ಜನ ಮನೆಗೆ ಮರಳಲಿಲ್ಲ. ಜನರಿಗೆ ಬುದ್ಧಿ ಹೇಳಿದರೆ ಸಾಲದು, ತಪ್ಪು ನಡೆದರೂ ಜೀವ ಹೋಗದಂತೆ ರಸ್ತೆಯನ್ನು ಕಟ್ಟಬೇಕು ಎಂದು ದೆಹಲಿ ಐಐಟಿಯ ಪ್ರೊಫೆಸರ್ ದಿನೇಶ್ ಮೋಹನ್ 2021ರಲ್ಲಿ ತಾವು ತೀರಿಕೊಳ್ಳುವವರೆಗೂ ಹೇಳುತ್ತಲೇ ಇದ್ದರು.

ದಾಟುವವರಿಗೆಂದು ನಗರಗಳು ಕಟ್ಟಿದ ಸ್ಕೈವಾಕ್ ಮತ್ತು ಸುರಂಗಗಳದ್ದೂ ಮಿಶ್ರ ಫಲ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ನಡುವಿನ ಸುರಂಗದಲ್ಲಿ ಜನಜಂಗುಳಿ ತಪ್ಪುವುದಿಲ್ಲ. ಏಕೆಂದರೆ ಅದು ಜನ ಹೋಗಬೇಕಾದ ದಾರಿಯಲ್ಲೇ ಇದೆ. ದಾರಿ ತಪ್ಪಿಸಿ ಎರಡು ಅಂತಸ್ತು ಹತ್ತಿಸುವ ಸೇತುವೆಯನ್ನು ಮಾತ್ರ ಜನ ಕೆಳಗಿನಿಂದ ನೋಡಿ ರಸ್ತೆಗೇ ಇಳಿಯುತ್ತಾರೆ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇದ್ದವರನ್ನು ಇದಕ್ಕಾಗಿ ದೂರುವಂತಿಲ್ಲ. ಮೆಟ್ಟಿಲು ಹತ್ತುವವನು ನಡೆಯುವವನು, ನೆಲದ ಮೇಲೆ ನಿಲ್ಲದೆ ಸಾಗುವವನು ವಾಹನದವನು. ಕಾಯಬೇಕಾದವರು ಯಾರು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರವೇ.

ತಿರುಗಿ ಬಂದ ಉತ್ತರ

ಬೇರೆ ಉತ್ತರ ಸಾಧ್ಯ ಎಂಬುದಕ್ಕೆ ನಿದರ್ಶನಗಳಿವೆ. ರಸ್ತೆಯಲ್ಲಿ ಒಂದು ಸಾವೂ ಸಹ್ಯವಲ್ಲ ಎಂಬ ಧ್ಯೇಯವನ್ನು ಸ್ವೀಡನ್ 1997ರಲ್ಲಿ ಅಂಗೀಕರಿಸಿತು. ಜನರೂ ವಾಹನಗಳೂ ಬೆರೆಯುವ ಕಡೆ ವೇಗ 30 ಕಿ.ಮೀ. ಮೀರಬಾರದು ಎಂಬುದು ಅದರ ತಿರುಳು. ಇದೇ ಹಾದಿ ಹಿಡಿದ ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2019ರ ಇಡೀ ವರ್ಷದಲ್ಲಿ ಒಬ್ಬ ಪಾದಚಾರಿಯೂ ಸಾಯಲಿಲ್ಲ.

ಭಾರತದಲ್ಲೂ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಸುರಕ್ಷಿತವಾದ ಪಾದಚಾರಿ ಮಾರ್ಗ ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬ್ರಿಟನ್ನಿನ ಹೆದ್ದಾರಿ ಸಂಹಿತೆಗೆ 2022ರ ಜನವರಿಯಲ್ಲಿ ಒಂದು ತಿದ್ದುಪಡಿ ಬಂತು. ಅದರ ಪ್ರಕಾರ ಕೂಡುರಸ್ತೆಯಲ್ಲಿ ತಿರುಗುವ ಚಾಲಕ, ಆ ರಸ್ತೆಯನ್ನು ದಾಟುತ್ತಿರುವವರಿಗೆ ಮಾತ್ರವಲ್ಲ, ದಾಟಲು ಅಂಚಿನಲ್ಲಿ ಕಾದು ನಿಂತವರಿಗೂ ದಾರಿ ಬಿಡಬೇಕು. 1868ರ ಚಳಿಗಾಲದಲ್ಲಿ ಪಾರ್ಲಿಮೆಂಟಿನ ಬಳಿಯ ಗ್ಯಾಸ್ ದೀಪ ಗಾಡಿಯವರಿಗೆ ಹೇಳಿದ್ದೂ ಇದನ್ನೇ. ಆ ಮಾತು ಪುಸ್ತಕಕ್ಕೆ ಮರಳಲು 150 ವರ್ಷಕ್ಕೂ ಹೆಚ್ಚು ಹಿಡಿಯಿತು. ನಮ್ಮ ಸರ್ಕಲ್‌ಗಳಲ್ಲಿ ಅಂಗೈ ಅಡ್ಡ ಹಿಡಿದು ಒಂದು ಕಾಲು ಕೆಳಗಿಟ್ಟು ನಿಂತವರು ಅಷ್ಟು ಕಾಲ ಕಾಯಲಾರರು.